ಒಂದು ಉಸಿರಿಗೆ ಒಂದು ಹೊಲಿಗೆ

ನಮ್ಮ ಮನೆಯ ದಫೇದಾರನಿಗೆ ರಜೆ ಎನ್ನುವುದೇ ಇರಲಿಲ್ಲ. ಮೊಣಕಾಲಿಗೂ ಮುಟ್ಟದ ಎತ್ತರ, ಕಂದು ಬಿಳುಪಿನ ಮೈ, ಒಂದು ಕಿವಿ ಸದಾ ನೆಟ್ಟಗೆ, ಇನ್ನೊಂದು ಸದಾ ಮಡಚಿದ್ದು. ಯಾರಾದರೂ ಬಾಗಿಲು ತಟ್ಟಿದರೆ ಅಕ್ಕನ ಬಳಿ ಓಡಿಹೋಗಿ ಅವಳ ಪಾದದ ಮೇಲೆ ಮುಂಗಾಲಿಡುತ್ತಿದ್ದ. ಒಲೆಯ ಮೇಲೆ ಹಾಲು ಉಕ್ಕಿದರೆ ಅವಳ ಬಟ್ಟೆಯ ಅಂಚು ಹಿಡಿದು ಎಳೆಯುತ್ತಿದ್ದ. ಹಿತ್ತಲಿನಿಂದ ನಾನು ಕೂಗಿದರೆ ಅವಳ ಮುಂದೆ ಬಂದು ಕೂತು, ಮುಖವನ್ನು ಹಿತ್ತಲ ಕಡೆಗೆ ತಿರುಗಿಸುತ್ತಿದ್ದ. ಅಕ್ಕ ಎದ್ದು ಬರುವವರೆಗೆ ಆ ಮುಖ ಕದಲುತ್ತಿರಲಿಲ್ಲ.

ಅಕ್ಕನಿಗೆ ಕಿವಿ ಕೇಳುವುದಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಬಂದ ಜ್ವರ, ಹೋಗುವಾಗ ಅವಳ ಕಿವಿಯನ್ನೂ ಕೊಂಡೊಯ್ದಿತು. ಮಾತು ಮಾತ್ರ ಉಳಿಯಿತು, ಅದೂ ಎತ್ತರದ ದನಿಯಲ್ಲಿ. ಅವಳು ಗುಟ್ಟು ಹೇಳಿದರೆ ಮೂರು ಮನೆಗೆ ಕೇಳಿಸುತ್ತದೆ. ಎದುರಿದ್ದವರ ತುಟಿ ಓದಿ ಅರ್ಥ ಮಾಡಿಕೊಳ್ಳುತ್ತಾಳೆ. ಓದಲಾಗದಿದ್ದರೆ ಬಾಗಿಲ ಪಕ್ಕ ಒಂದು ಸ್ಲೇಟು ತೂಗುಹಾಕಿದೆ, ಅದರಲ್ಲಿ ಬರೆದು ತೋರಿಸಬೇಕು. ಮದುವೆಯ ಯೋಗ ನಮ್ಮಿಬ್ಬರಿಗೂ ಕೂಡಿಬರಲಿಲ್ಲ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಹಿತ್ತಲ ಶೆಡ್ಡಿನಲ್ಲಿ ನನ್ನ ನೀರಿನ ಪಂಪುಗಳ ರಿಪೇರಿ. ನಡುವೆ ಓಡಾಡಿಕೊಂಡು ನಮ್ಮನ್ನು ಒಂದು ಮನೆ ಮಾಡಿದವನು ದಫೇದಾರ. ಹತ್ತು ವರ್ಷ ಅವನು ಹಾಗೆ ಓಡಾಡಿದ. ದೇವರು ಒಂದು ಕಡೆಯಿಂದ ತೆಗೆದುಕೊಂಡದ್ದನ್ನು ಇನ್ನೊಂದು ಕಡೆಯಿಂದ ನಾಲ್ಕು ಕಾಲು ಹಚ್ಚಿ ಕಳಿಸಿದ್ದಾನೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅವನಿಗೆ ಕೆಮ್ಮು ಶುರುವಾದದ್ದು ನನಗೆ ಗೊತ್ತಿತ್ತು. ಶೆಡ್ಡಿನ ಮೋಟಾರುಗಳ ಸದ್ದಿನ ನಡುವೆಯೂ ಒಮ್ಮೊಮ್ಮೆ ಕೇಳಿಸುತ್ತಿತ್ತು. ಹೊಲಿಗೆಯವಳ ಮನೆ, ನೆಲದ ತುಂಬ ದಾರ, ಯಾವುದೋ ಎಳೆ ಗಂಟಲಿಗೆ ಸಿಕ್ಕಿರಬೇಕು ಎಂದು ಸುಮ್ಮನಿದ್ದೆ. ಅಕ್ಕನಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಮೇಷ್ಟ್ರು ಒಂದು ದಿನ ಅವಳ ಎದುರು ನಿಂತು, "ನಿಮ್ಮ ನಾಯಿ ಇಷ್ಟೊಂದು ಕೆಮ್ಮುತ್ತಲ್ಲಮ್ಮಾ" ಎಂದರಂತೆ. ಅಳತೆಯ ಟೇಪು ಕೊರಳಲ್ಲಿ ಹಾಗೇ ಇತ್ತು, ನಾಯಿ ಕಂಕುಳಲ್ಲಿತ್ತು, ಅಕ್ಕ ನೇರ ಶೆಡ್ಡಿಗೆ ಬಂದಳು.

"ಲೋ, ಇವನು ಕೆಮ್ತಾನಂತೆ! ನಿನಗೆ ಕೇಳಿಸಿರಲಿಲ್ವಾ?"

ಮೋಟಾರು ನಿಲ್ಲಿಸಿದೆ. "ಕೇಳಿಸಿತ್ತು. ದಾರದ ಎಳೆ ಸಿಕ್ಕಿರಬೇಕು ಅಂದ್ಕೊಂಡೆ."

"ಯಾವಾಗಿಂದ?"

"ಎರಡು ತಿಂಗಳಾಯ್ತೇನೋ."

"ಎರಡು ತಿಂಗಳಿಂದ ಒಂದೇ ಎಳೆನಾ? ಅಷ್ಟು ಗಟ್ಟಿ ದಾರ ನನಗೂ ಒಂದು ಉಂಡೆ ತಂದ್ಕೊಡು."

ಅಷ್ಟು ಹೇಳುತ್ತಿದ್ದಂತೆಯೇ ಅವಳ ಮುಖ ಬದಲಾಯಿತು. ಅವಳ ಅಂಗೈ ನಾಯಿಯ ಎದೆಯ ಎಡಬದಿಗೆ, ಮುಂಗಾಲು ಮಡಚುವ ಜಾಗಕ್ಕೆ ತಗುಲಿತ್ತು. ಕಣ್ಣು ಮುಚ್ಚಿ ನಿಂತಳು. ಯಂತ್ರದಲ್ಲಿ ಏನಾದರೂ ಕೆಟ್ಟಿದ್ದರೆ ಅವಳು ಹೀಗೇ ಮಾಡುವುದು. ಮೇಜಿನ ಮೇಲೆ ಅಂಗೈ ಇಟ್ಟು, ಬಾಬಿನ್ ಸಡಿಲವಾಗಿದೆಯೋ ಬೆಲ್ಟ್ ಸವೆದಿದೆಯೋ ಅದುರಿಕೆಯಲ್ಲೇ ಹೇಳುತ್ತಾಳೆ.

"ಇವನೊಳಗೆ ಏನೋ ಗುಂಯ್ ಅಂತಿದೆ ಕಣೋ. ಬಡಿತ ಅಲ್ಲ. ಬಡಿತದ ಜೊತೆ ಇನ್ನೊಂದು. ಏನೋ ಸೋರಿದ ಹಾಗೆ."

ಪ್ರಾಣಿಗಳ ಆಸ್ಪತ್ರೆ ಎರಡು ಬೀದಿಯಾಚೆ. ಅಲ್ಲಿನ ಡಾಕ್ಟರು ನಡುವಯಸ್ಸಿನ ಹೆಂಗಸು, ಎಲ್ಲರೂ ಅವರನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ಮುಖಕ್ಕೆ ಮಾಸ್ಕು ಹಾಕಿದ್ದರು, ಹಾಗಾಗಿ ಅಕ್ಕ ತುಟಿ ಓದುವಂತಿರಲಿಲ್ಲ. ಮನೆಯಿಂದ ತಂದ ಸ್ಲೇಟು ನನ್ನ ಕೈಯಲ್ಲಿತ್ತು. ಅವರು ಹೇಳಿದ್ದನ್ನು ನಾನು ಬರೆದು ಅಕ್ಕನಿಗೆ ತೋರಿಸಬೇಕು, ಅದು ನನ್ನ ಕೆಲಸ.

ಡಾಕ್ಟ್ರಮ್ಮ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಆಮೇಲೆ ಸ್ಟೆತಸ್ಕೋಪು ತೆಗೆದು ಬರೀ ಅಂಗೈ ಇಟ್ಟರು.

"ಮೊದಲು ಕಂಡುಹಿಡಿದದ್ದು ಯಾರು?"

ನಾನು ಅಕ್ಕನನ್ನು ತೋರಿಸಿದೆ. "ಕೈಯಲ್ಲೇ" ಎಂದೆ.

"ನಾನು ಕಿವಿಯಲ್ಲಿ ಕೇಳಿದ್ದನ್ನ ಅವರು ಕೈಯಲ್ಲಿ ಕೇಳಿದ್ದಾರೆ. ಕೈಗೇ ಸಿಗುವಷ್ಟು ಜೋರಾಗಿದೆ ಅದು. ಬರೀರಿ ಅವರಿಗೆ."

ಬರೆದೆ. ಅಕ್ಕ ಓದಿ, "ಜೋರಾಗಿದ್ರೆ ಒಳ್ಳೇದಾ ಕೆಟ್ಟದ್ದಾ?" ಎಂದು ಇಡೀ ಆಸ್ಪತ್ರೆಗೆ ಕೇಳಿಸುವಂತೆ ಕೇಳಿದಳು. ಹೊರಗೆ ಕೂತಿದ್ದ ಬೆಕ್ಕೊಂದು ಬುಟ್ಟಿಯೊಳಗೆ ಹುದುಗಿಕೊಂಡಿತು.

ಎಕ್ಸ್‌ರೇ ತೆಗೆದರು. ಗುಂಡಿಗೆ ಊದಿ ಉಸಿರುನಾಳವನ್ನು ಮೇಲಕ್ಕೆ ಒತ್ತಿತ್ತು. ಶ್ವಾಸಕೋಶದಲ್ಲಿ ಕಪ್ಪಾಗಿ ಕಾಣಬೇಕಾದ ಜಾಗ ಬಿಳಿ ಮಂಜಿನ ಹಾಗಿತ್ತು. ಅದು ನೀರು ಎಂದರು. ಆಮೇಲೆ ಪಕ್ಕೆಯ ಕೂದಲು ತೆಗೆದು, ತಣ್ಣನೆಯ ಜೆಲ್ಲು ಹಚ್ಚಿ, ಸ್ಕ್ಯಾನಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಗುಂಡಿಗೆಯ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಎರಡು ಪುಟ್ಟ ರೆಕ್ಕೆಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಮುಚ್ಚಿದಾಗ ಪೂರ್ತಿ ಕೂಡುತ್ತಿರಲಿಲ್ಲ. ಅಂಚು ದಪ್ಪಗಾಗಿ ಗಂಟುಗಟ್ಟಿತ್ತು. ಪ್ರತಿ ಬಡಿತಕ್ಕೂ ಸ್ವಲ್ಪ ರಕ್ತ ಮುಂದೆ ಹೋಗುವ ಬದಲು ಹಿಂದಕ್ಕೆ ಚಿಮ್ಮುತ್ತಿತ್ತು. ಪರದೆಯ ಮೇಲೆ ಅದು ಬಣ್ಣ ಬಣ್ಣದ ಉರಿಯಂತೆ ಕಾಣುತ್ತಿತ್ತು.

ನಾನು ಮೂವತ್ತು ವರ್ಷದಿಂದ ನೋಡುತ್ತ ಬಂದದ್ದೇ ಇದು. ಪಂಪಿನ ವಾಲ್ವಿನಲ್ಲಿ ವಾಶರ್ ಸವೆದರೆ ನೀರು ಹೀಗೇ ಹಿಂದಕ್ಕೆ ಇಳಿಯುತ್ತದೆ.

"ಹೊಸದು ಹಾಕೋಕಾಗಲ್ವಾ ಡಾಕ್ಟ್ರಮ್ಮಾ?"

"ಆಪರೇಶನ್ ಮಾಡೋರು ಎಲ್ಲೋ ದೂರದಲ್ಲಿ, ಬೆರಳೆಣಿಕೆಯಷ್ಟು ಜನ ಇದ್ದಾರೆ. ನಮ್ಮ ಕೈಗೆಟುಕೋದು ಮಾತ್ರೆ. ವಾಲ್ವ್ ಸರಿ ಹೋಗಲ್ಲ. ಆದರೆ ಒಳ್ಳೆಯ ದಿನಗಳನ್ನ ಕೊಡಬಹುದು. ತಿಂಗಳುಗಳು. ವರ್ಷ ಅಂದ್ರೂ ಅನ್ನಬಹುದು."

ಅವನನ್ನು ಮಧ್ಯಾಹ್ನವೆಲ್ಲ ಆಮ್ಲಜನಕದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಚುಚ್ಚುಮದ್ದು ಕೊಟ್ಟರು. ಸಂಜೆ ಮನೆಗೆ ಕಳಿಸುವಾಗ ಎಲ್ಲವನ್ನೂ ಬಿಡಿಸಿ ಹೇಳಿದರು. ಗುಂಡಿಗೆಗೆ ಬಲ ಕೊಡುವ ಮಾತ್ರೆ ದಿನಕ್ಕೆರಡು ಸಲ, ಊಟಕ್ಕೆ ಒಂದು ಗಂಟೆ ಮೊದಲು. ಶ್ವಾಸಕೋಶದ ನೀರಿಳಿಸುವ ಮಾತ್ರೆ ದಿನಕ್ಕೆರಡು, ಅದು ಉಚ್ಚೆ ಜಾಸ್ತಿ ಮಾಡಿಸುತ್ತದೆ. ಉಪ್ಪಿರುವ ತಿಂಡಿ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಅವನು ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾನೆ ಎಂದು ದಿನವೂ ಎಣಿಸಬೇಕು. ಮೊದಲ ಎರಡು ಮೂರು ದಿನ ಹೆಚ್ಚಿದ್ದು ಇಳಿಯುತ್ತ ಬರುತ್ತದೆ, ಆಮೇಲೂ ಮೂವತ್ತು ದಾಟಿದರೆ ಕೂಡಲೇ ಬರಬೇಕು. ಇಲ್ಲದಿದ್ದರೆ ಹತ್ತು ದಿನಕ್ಕೆ ರಕ್ತಪರೀಕ್ಷೆಗೆ ಬಂದರೆ ಸಾಕು.

ಇನ್ನೊಂದು ಮಾತನ್ನೂ ಹೇಳಿದರಂತೆ. ಕುಡಿಯುವ ನೀರು ಮಾತ್ರ ಬಟ್ಟಲಲ್ಲಿ ಸದಾ ತುಂಬಿರಲಿ ಎಂದು. ನನ್ನ ಕಣ್ಣು ಆಗ ಪರದೆಯಲ್ಲಿ ನಿಂತುಹೋಗಿದ್ದ ಆ ರೆಕ್ಕೆಗಳ ಚಿತ್ರದ ಮೇಲಿತ್ತು. ತಲೆಯೊಳಗೆ ಪಂಪು ಓಡುತ್ತಿತ್ತು. ಎರಡು ಕಿವಿ ನೆಟ್ಟಗಿದ್ದ ನನಗೆ ಆ ಮಾತು ಕೇಳಿಸಲಿಲ್ಲ.

ಮನೆಯಲ್ಲಿ ಅಕ್ಕ ಮೊದಲು ಮಾಡಿದ ಕೆಲಸ ದಫೇದಾರನ ಹಾಸಿಗೆಯನ್ನು ಗೋಡೆ ಗಡಿಯಾರದ ಕೆಳಗೆ ತಂದದ್ದು. ಒಂದೇ ನೋಟಕ್ಕೆ ಸೆಕೆಂಡಿನ ಮುಳ್ಳೂ ಅವನ ಪಕ್ಕೆಯೂ ಕಾಣಬೇಕು ಎಂದು. ಎಣಿಸುವಾಗ ಎಣಿಕೆ ತಪ್ಪುತ್ತದೆಂಬ ಭಯ ಅವಳಿಗೆ. ಅದಕ್ಕೆ ತನ್ನದೇ ದಾರಿ ಕಂಡುಕೊಂಡಳು. ಬಿಳಿ ಬಟ್ಟೆಯ ಉದ್ದನೆಯ ಪಟ್ಟಿ, ಸೂಜಿ, ನೀಲಿ ದಾರ. ಅವನ ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಹೊಲಿಗೆ. ಕೈ ನೋಡದೆ ಹೊಲಿಯುವುದು ಅವಳಿಗೆ ಹೊಸತಲ್ಲ. ನಿಮಿಷ ಮುಗಿದ ಮೇಲೆ ದಾರ ಕತ್ತರಿಸಿ, ನಿಧಾನವಾಗಿ ಹೊಲಿಗೆ ಎಣಿಸುತ್ತಿದ್ದಳು. ದಿನಕ್ಕೊಂದು ಸಾಲು. ಏನಾದರೂ ವಿಶೇಷ ಕಂಡರೆ ಆ ಸಾಲಿನ ಕೊನೆಗೆ ಬೇರೆ ಬಣ್ಣದ ಗಂಟು. ಊಟ ಬಿಟ್ಟರೆ ಕೆಂಪು, ಬಾಗಿಲ ಸುದ್ದಿ ತಂದರೆ ಹಸಿರು.

ಮೊದಲ ಸಾಲು ನಲವತ್ತೆರಡು. ಮರುದಿನ ಮೂವತ್ತಾರು. ಆಮೇಲೆ ಮೂವತ್ತೊಂದು.

ನಲವತ್ತೆರಡು ಹೊಲಿಗೆಯ ಆ ಸಾಲನ್ನು ನೋಡಿದ ಹೊತ್ತಿನಲ್ಲೇ ನನ್ನ ಬುದ್ಧಿ ಓಡಿತ್ತು. ನೆಲಮಾಳಿಗೆಗೆ ನೀರು ನುಗ್ಗಿದೆ ಎಂದು ಯಾರಾದರೂ ಕರೆದರೆ ನಾವು ಮೊದಲು ಪಂಪು ಹಚ್ಚುವುದಿಲ್ಲ. ಒಳಗೆ ಬರುವ ನೀರನ್ನು ನಿಲ್ಲಿಸುತ್ತೇವೆ. ನನಗೆ ಕೆಲಸ ಕಲಿಸಿದ ಯಜಮಾನರು ಮೊದಲ ದಿನವೇ ಹೇಳಿಕೊಟ್ಟ ಪಾಠ ಅದು. ಅವನ ಎದೆಯಲ್ಲಿ ನೀರು ನಿಂತಿದೆ, ಅದನ್ನು ಇಳಿಸಲು ಮಾತ್ರೆ ಕೊಟ್ಟಿದ್ದಾರೆ, ನಾವೋ ಬಟ್ಟಲುಗಟ್ಟಲೆ ನೀರು ಕುಡಿಸುತ್ತಿದ್ದೇವೆ! ಇಷ್ಟು ಸರಳ ಸಂಗತಿ ಡಾಕ್ಟ್ರಮ್ಮನಿಗೆ ಹೇಳಲು ಮರೆತುಹೋಗಿರಬೇಕು ಎಂದುಕೊಂಡೆ. ನಾನೇ ಹೇಳಿದರೆ ಅಕ್ಕ ನೂರು ಪ್ರಶ್ನೆ ಕೇಳುತ್ತಾಳೆ. ಹಾಗಾಗಿ ಸ್ಲೇಟು ತೆಗೆದುಕೊಂಡು ಗುಂಡಾದ ಅಕ್ಷರದಲ್ಲಿ ಬರೆದೆ: "ನೀರು ಬೆಳಿಗ್ಗೆ ಅರ್ಧ ಲೋಟ, ಸಂಜೆ ಅರ್ಧ ಲೋಟ. ಡಾಕ್ಟ್ರಮ್ಮ ಹೇಳಿದ್ದಾರೆ."

ಅಕ್ಕ ಓದಿದಳು. ಬಾಗಿ ನೀರಿನ ಬಟ್ಟಲನ್ನು ಎತ್ತಿ ಒಳಗಿಟ್ಟಳು.

ಇಪ್ಪತ್ತೇಳು. ಇಪ್ಪತ್ತನಾಲ್ಕು. ಸಾಲು ಚಿಕ್ಕದಾದಷ್ಟೂ ನನ್ನ ಎದೆ ಉಬ್ಬುತ್ತಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ದೇವರಿಗೆ ಕೃತಜ್ಞತೆ ಹೇಳುವಾಗ ಸ್ವಲ್ಪ ನನಗೂ ಹೇಳಿಕೊಳ್ಳುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಬೇಕು.

ಎಂಟನೆಯ ಬೆಳಿಗ್ಗೆ ಸಾಲು ಇಪ್ಪತ್ತಕ್ಕೆ ಇಳಿದಿತ್ತು. ಅದೇ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ದಫೇದಾರ ಏಳಲು ನೋಡಿದ. ಮುಂಗಾಲು ನಡುಗಿ ಜಾರಿತು. ಇನ್ನೊಮ್ಮೆ ನೋಡಿದ. ಆಮೇಲೆ ಮಲಗಿದಲ್ಲಿಂದಲೇ ಕುತ್ತಿಗೆ ತಿರುಗಿಸಿ ಬಾಗಿಲ ಕಡೆ ಮುಖ ಮಾಡಿ, ಅಕ್ಕನನ್ನು ನೋಡಿದ. ಕೆಲಸ ತಪ್ಪಿಸಿಕೊಂಡವನ ನಾಚಿಕೆ ಆ ಕಣ್ಣಿನಲ್ಲಿತ್ತು.

ಅಕ್ಕ ಅವನನ್ನೆತ್ತಿಕೊಂಡು ಬೀದಿಯಲ್ಲಿ ನನಗಿಂತ ಮುಂದೆ ನಡೆದಳು. ಹೊಲಿಗೆಯ ಪಟ್ಟಿ ಅವಳ ಭುಜದ ಮೇಲಿತ್ತು.

ಡಾಕ್ಟ್ರಮ್ಮ ಎದೆ ಕೇಳಿದರು. "ಶ್ವಾಸಕೋಶ ಚೆನ್ನಾಗಿದೆಯಲ್ಲ!" ಎಂದರು, ಆದರೆ ಖುಷಿಯಿಂದಲ್ಲ. ತುಟಿ ಮೇಲೆತ್ತಿ ವಸಡು ಮುಟ್ಟಿದರು. ಬೆರಳು ಅಂಟಿಕೊಂಡಿತು. ಬೆನ್ನ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟರು. ಅದು ಹಿಂದಕ್ಕೆ ಹೋಗದೆ ಮಡಿಕೆಯಾಗಿ ನಿಂತಿತು. ರಕ್ತ ತೆಗೆದು ಯಂತ್ರಕ್ಕೆ ಹಾಕಿ ಬಂದು, ಅಕ್ಕನ ಭುಜದ ಪಟ್ಟಿಯನ್ನು ನೋಡಿದರು.

"ಇದೇನಿದು?"

"ಉಸಿರಿನ ಲೆಕ್ಕ. ಒಂದಕ್ಕೊಂದು ಹೊಲಿಗೆ" ಎಂದೆ.

ಅವರು ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ನಾಲ್ಕನೆಯ ಸಾಲಿನಿಂದ ಮುಂದೆ ಪ್ರತಿ ಸಾಲಿನ ಕೊನೆಗೂ ಕಪ್ಪು ಗಂಟಿತ್ತು. ಕೊನೆಯ ಸಾಲಿಗೆ ಮೂರು.

"ಈ ಕಪ್ಪು ಏನು ಅಂತ ಕೇಳಿ."

ನಾನು ಬರೆಯುವ ಮೊದಲೇ ಅವರ ಬೆರಳು ನೋಡಿ ಅಕ್ಕ ಹೇಳಿದಳು. "ಹಿಂಡಿ ಇಟ್ಟ ಬಟ್ಟೆ ನೆಕ್ಕಿದ ದಿನ ಒಂದು ಗಂಟು. ನಿನ್ನೆಯಿಂದ ಒರೆಸಿದ ನೆಲ ನೆಕ್ಕಿದ, ಬಚ್ಚಲ ಗೋಡೆ ನೆಕ್ಕಿದ, ನನ್ನ ಒದ್ದೆ ಕೈ ನೆಕ್ಕಿದ. ಪಾಪ ಅನ್ನಿಸ್ತು. ಆದರೆ ನೀವೇ ನೀರು ಕಡಿಮೆ ಕೊಡಿ ಅಂದಿದ್ರಲ್ಲ."

ಡಾಕ್ಟ್ರಮ್ಮ ನನ್ನ ಕಡೆ ತಿರುಗಿದರು.

"ನಾನು ಹಾಗೆ ಹೇಳಿದ್ನಾ?" ಎಂದರು.

ಸುಳ್ಳು ಹೇಳುವುದು ಆಗಲೂ ಸುಲಭವಿತ್ತು. ನಾನೇ ಬರೆಯಬೇಕು, ನಾನೇ ಓದಿಸಬೇಕು, ಅಕ್ಕನಿಗೂ ಪ್ರಪಂಚಕ್ಕೂ ನಡುವೆ ನಾನೊಬ್ಬನೇ. ದಫೇದಾರ ಮೇಜಿನ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದ. ಸ್ಲೇಟು ತೆಗೆದುಕೊಂಡು ಬರೆದೆ: "ಡಾಕ್ಟ್ರಮ್ಮ ಹೇಳಲಿಲ್ಲ. ನಾನೇ ಬರೆದೆ."

ಅಕ್ಕ ಓದಿದಳು. ಮತ್ತೊಮ್ಮೆ ಓದಿದಳು. ಸ್ಲೇಟನ್ನು ಬೋರಲು ಹಾಕಿ ಕುರ್ಚಿಯ ಮೇಲಿಟ್ಟು, "ಆಮೇಲೆ" ಎಂದಳು. ಅಷ್ಟೇ. ಕಿವಿ ಹೋದ ಮೇಲೆ ಮೊದಲ ಸಲ ಅವಳ ದನಿ ಸಣ್ಣದಾಗಿತ್ತು.

ಡಾಕ್ಟ್ರಮ್ಮ ದೂರ ಸರಿದು, ಮಾಸ್ಕು ಗದ್ದಕ್ಕಿಳಿಸಿ, ಅಕ್ಕನ ಎದುರಿಗೆ ಮುಖ ಕೊಟ್ಟು ನಿಂತರು. ಆವತ್ತಿನಿಂದ ಅವರು ಅಕ್ಕನ ಜೊತೆ ಹಾಗೇ ಮಾತಾಡುವುದು.

"ಆ ಮಾತ್ರೆ ಮೈಯಿಂದ ನೀರು ತೆಗೆಯುತ್ತೆ. ಅದಕ್ಕೇ ಅವನು ಬೇಕಾದಷ್ಟು ಕುಡಿಯಲೇಬೇಕು. ಕುಡಿಯದಿದ್ರೆ ಕಿಡ್ನಿ ಸೊರಗುತ್ತೆ, ಈಗ ಸೊರಗಿದೆ. ಡ್ರಿಪ್ ಹಾಕಬೇಕು. ಆದರೆ ಇವನ ಗುಂಡಿಗೆ ಸೋರುವ ಗುಂಡಿಗೆ. ಒಂದು ಹನಿ ಜಾಸ್ತಿಯಾದ್ರೆ ನೀರು ಮತ್ತೆ ಎದೆಗೇ ಬರುತ್ತೆ. ಕಡಿಮೆಯಾದ್ರೆ ಕಿಡ್ನಿ ಹೋಗುತ್ತೆ. ನಡುವೆ ಇರೋದು ಕೂದಲೆಳೆಯಷ್ಟು ದಾರಿ."

"ಬದುಕ್ತಾನಾ?"

"ಗೊತ್ತಿಲ್ಲ. ನೀವು ಪಕ್ಕ ಕೂತು ಹೊಲೀತೀರಾ? ಅರ್ಧ ಗಂಟೆಗೊಂದು ಸಾಲು. ಅದನ್ನ ನೋಡಿ ನಾನು ಹನಿ ಬಿಡ್ತೀನಿ."

"ಅದೂ ಒಂದು ಕೆಲಸವಾ? ದಾರ ಕೊಡಿ" ಎಂದಳು ಅಕ್ಕ.

ಬೆಳಗಿನ ಒಂಬತ್ತೂವರೆಯಿಂದ ಅವಳು, ಅವನನ್ನು ಮಲಗಿಸಿದ ಪಂಜರದ ಮುಂದೆ ನೆಲದ ಮೇಲೆ ಕೂತಳು. ದಫೇದಾರನ ಮುಂಗಾಲಿಗೆ ಸೂಜಿ, ಮೇಲೆ ತೂಗುವ ಬಾಟಲಿ, ಎದುರು ಗೋಡೆಗೆ ಗಡಿಯಾರ. ಹನ್ನೊಂದು ಗಂಟೆಗೆ ಇಪ್ಪತ್ತೆರಡು. ಹನ್ನೆರಡಕ್ಕೆ ಇಪ್ಪತ್ತೇಳು. ಡಾಕ್ಟ್ರಮ್ಮ ಬಂದು ಪಟ್ಟಿ ನೋಡಿ, ಚಕ್ರ ತಿರುಗಿಸಿ ಹನಿ ನಿಧಾನ ಮಾಡಿದರು. ಹನ್ನೆರಡೂವರೆಗೆ ಇಪ್ಪತ್ತೊಂಬತ್ತು. ಇನ್ನೂ ನಿಧಾನ. ಒಂದು ಗಂಟೆಗೆ ಇಪ್ಪತ್ತೊಂಬತ್ತಕ್ಕೇ ನಿಂತಿತು. ಒಂದೂವರೆಗೆ ಇಪ್ಪತ್ತಾರು. ನಾನು ಪಂಪಿನವನು. ಮೂವತ್ತು ವರ್ಷ ವಾಲ್ವು ತಿರುಗಿಸಿ ಗೊತ್ತು ಅಂದುಕೊಂಡಿದ್ದೆ. ಒಂದು ಜೀವಕ್ಕೆ ಬೇಕಾದಷ್ಟೇ ನೀರು ಬಿಡುವುದೆಂದರೇನು ಎಂದು ಆವತ್ತು ಗೋಡೆಗೊರಗಿ ನಿಂತು ನೋಡಿದೆ. ನನಗೆ ಮಾಡಲು ಏನೂ ಇರಲಿಲ್ಲ. ಪ್ರಾರ್ಥಿಸಿದೆ. ಈ ಸಲ ದೇವರ ಹೆಸರಿನ ಪಕ್ಕ ನನ್ನ ಹೆಸರು ಸೇರಿಸಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಕಿಟಕಿಯ ಬಿಸಿಲು ಪಂಜರದವರೆಗೆ ಬಂದಿತ್ತು. ಆಸ್ಪತ್ರೆಯ ಮುಂಬಾಗಿಲ ಗಂಟೆಯನ್ನು ಯಾರೋ ಒತ್ತಿದರು. ಅಕ್ಕನ ಕಣ್ಣು ಗಡಿಯಾರದ ಮೇಲಿತ್ತು, ಅವಳಿಗೆ ಹೇಗೆ ಗೊತ್ತಾಗಬೇಕು? ದಫೇದಾರ ತಲೆಯೆತ್ತಿದ. ಸೂಜಿಯಿದ್ದ ಕಾಲನ್ನು ಎಳೆದುಕೊಂಡು, ಪಂಜರದ ಸರಳಿನ ನಡುವಿನಿಂದ ಇನ್ನೊಂದು ಮುಂಗಾಲನ್ನು ಹೊರಚಾಚಿ, ಅಕ್ಕನ ಪಾದದ ಮೇಲಿಟ್ಟ.

ಅಕ್ಕ ಸೂಜಿಯನ್ನು ಕೈಬಿಟ್ಟಳು.

"ಡಾಕ್ಟ್ರಮ್ಮಾ! ಬಾಗಿಲಿಗೆ ಯಾರೋ ಬಂದಿದ್ದಾರಂತೆ, ಹೋಗಿ ನೋಡಿ!" ಎಂದು ಕೂಗಿದಳು. ಕಣ್ಣಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಡಾಕ್ಟ್ರಮ್ಮ ನಿಜವಾಗಿಯೂ ಓಡಿಹೋಗಿ ಬಾಗಿಲು ತೆರೆದರು. ಯಾರೋ ಮೊಲದ ಉಗುರು ತೆಗೆಸಿಕೊಂಡು ಹೋಗಲು ಬಂದಿದ್ದರು.

ಎರಡು ದಿನ ಅವನು ಅಲ್ಲೇ ಇದ್ದ. ಮೂರನೆಯ ಬೆಳಿಗ್ಗೆ ಕಿಡ್ನಿಯ ಲೆಕ್ಕ ಸಮಾಧಾನದ ಮಟ್ಟಕ್ಕೆ ಇಳಿದಿತ್ತು. ನೀರಿಳಿಸುವ ಮಾತ್ರೆಯ ಪ್ರಮಾಣವನ್ನು ಸ್ವಲ್ಪ ಕಡಿಮೆ ಮಾಡಿ ಕಳಿಸಿಕೊಟ್ಟರು. ಹೊರಡುವಾಗ ನಾನು ಡಾಕ್ಟ್ರಮ್ಮನ ಮುಂದೆ ಕೈಕಟ್ಟಿ ನಿಂತೆ.

"ನೀವು ಬಯ್ಯಲೇ ಇಲ್ಲ" ಎಂದೆ.

"ಬಯ್ಯೋ ಅಧಿಕಾರ ನನಗಿಂತ ಜಾಸ್ತಿ ಇರೋರು ಮನೇಲಿದ್ದಾರಲ್ಲ" ಎಂದು ನಕ್ಕರು.

ಮನೆಗೆ ಬಂದ ಮೇಲೆ ಅಕ್ಕ ಮೊದಲು ಬಟ್ಟಲು ತೊಳೆದು, ಅಂಚಿನವರೆಗೆ ನೀರು ತುಂಬಿಸಿ ಅವನ ಮುಂದಿಟ್ಟಳು. ಅವನು ಕುಡಿಯುವುದನ್ನು ಪೂರ್ತಿ ನೋಡಿದಳು. ಆಮೇಲೆ ಚೀಲದಿಂದ ಸ್ಲೇಟು ತೆಗೆದು ತಿರುಗಿಸಿದಳು. ನಾನು ಬರೆದದ್ದು ಅಳಿಸದೆ ಹಾಗೇ ಇತ್ತು.

"ನಿನ್ನ ಅಕ್ಷರ ಗುಂಡಗೆ ಚೆನ್ನಾಗಿರುತ್ತೆ. ಅದಕ್ಕೇ ನಂಬಿಬಿಡ್ತೀನಿ" ಎಂದಳು.

ನಾನು ತಲೆ ತಗ್ಗಿಸಿದೆ.

"ಮೇಲೆ ನೋಡು. ತುಟಿ ಕಾಣದಿದ್ರೆ ನೀನು ಏನಂತೀಯ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ತಪ್ಪಾಯ್ತು ಅಕ್ಕ."

"ಅವನು ಸಾಯ್ಲಿ ಅಂತ ನೀನು ಮಾಡಿದ್ದಲ್ಲ, ಗೊತ್ತು. ಉಳಿಸೋಕೇ ಮಾಡಿದ್ದು. ಆದರೆ ಅವನನ್ನ ನೋಡು. ಹತ್ತು ವರ್ಷದಿಂದ ನನಗೆ ಸುದ್ದಿ ತರ್ತಿದ್ದಾನೆ. ಒಂದೇ ಒಂದು ಸಲ ತನ್ನದೊಂದು ಅಕ್ಷರ ಸೇರಿಸಿಲ್ಲ. ಬಾಗಿಲು ತಟ್ಟಿದ್ರೆ ತಟ್ಟಿತು ಅಂತಾನೆ, ಇಲ್ಲದಿದ್ರೆ ಸುಮ್ಮನಿರ್ತಾನೆ. ಅವನ ಹತ್ರ ಕಲಿ."

ಅಷ್ಟು ಹೇಳಿ ಸ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು. ಇನ್ನು ಮುಟ್ಟಬೇಡ ಎನ್ನಬಹುದಿತ್ತು. ಹಾಗೆನ್ನದೆ, ಸೀಮೆಸುಣ್ಣವನ್ನೂ ಮೊದಲಿದ್ದ ಜಾಗದಲ್ಲೇ, ನನ್ನ ಕೈಗೆ ಸಿಗುವಂತೆ ಇಟ್ಟಳು.

ಇದಾಗಿ ಹದಿನಾಲ್ಕು ತಿಂಗಳು. ಅವಳ ಪಟ್ಟಿಗೆ ಪಟ್ಟಿ ಜೋಡಿಸಿ ಈಗ ಒಂದು ಹೊದಿಕೆಯಷ್ಟಾಗಿದೆ. ದಫೇದಾರನ ಮಾತ್ರೆಗಳು ಎರಡಿದ್ದದ್ದು ನಾಲ್ಕಾಗಿವೆ. ಓಟ ನಿಂತು ನಡಿಗೆಯಾಗಿದೆ. ಗುಂಡಿಗೆ ಇನ್ನೂ ಸೋರುತ್ತದೆ, ಮುಂದೆಯೂ ಸೋರುತ್ತದೆ. ಒಂದು ದಿನ ಸಾಲು ಉದ್ದವಾಗಿ, ಯಾವ ಮಾತ್ರೆಗೂ ಮತ್ತೆ ಚಿಕ್ಕದಾಗುವುದಿಲ್ಲ ಎಂದು ಡಾಕ್ಟ್ರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆ ಮಾತನ್ನು ಅಕ್ಕನಿಗೆ ಅವರೇ ಹೇಳಿದರೂ, ನಾನು ಸ್ಲೇಟಿನಲ್ಲಿ ಇನ್ನೊಮ್ಮೆ ಬರೆದು ತೋರಿಸಿದೆ, ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ.

ಬೆಳಿಗ್ಗೆ ಎದ್ದು ಬಟ್ಟಲು ತೊಳೆದು ನೀರು ತುಂಬುವ ಕೆಲಸ ಈಗ ನನ್ನದು. ನನ್ನ ಪ್ರಾರ್ಥನೆಯೆಲ್ಲ ಅಲ್ಲೇ ಮುಗಿಯುತ್ತದೆ. ಈವತ್ತೂ ತುಂಬಿಸಿ ಇಟ್ಟೆ. ಅವನು ಕುಡಿದು, ಗಡಿಯಾರದ ಕೆಳಗೆ ಹೋಗಿ ಸುರುಳಿ ಸುತ್ತಿ ಮಲಗಿದ. ಅಕ್ಕ ನೀಲಿ ದಾರ ಪೋಣಿಸಿದಳು. ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬಂದಾಗ ಸೂಜಿ ಬಟ್ಟೆಯೊಳಗೆ ಹೋಯಿತು.

ಹದಿನೆಂಟನೆಯ ಹೊಲಿಗೆಯಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಅವನು ಕಣ್ಣು ತೆರೆದು, ನಿಧಾನವಾಗಿ ಎದ್ದು ಬಂದು, ಅಕ್ಕನ ಪಾದದ ಮೇಲೆ ಕಾಲಿಟ್ಟ.

"ನೋಡು, ಲೆಕ್ಕ ಕೆಡಿಸಿದ" ಎಂದು ಗೊಣಗಿ ಅಕ್ಕ ಬಾಗಿಲು ತೆರೆಯಲು ಎದ್ದಳು. ಹೋಗುವ ಮೊದಲು ಆ ಅರ್ಧ ಸಾಲಿನ ಕೊನೆಗೆ ಹಸಿರು ದಾರದ ಒಂದು ಗಂಟು ಹಾಕಿದಳು.